ರೋಮನ್ ಅಂಕಿಲಿ 99ಕ್ಕೆ IC ಅಂತ ಯಾಕೆ ಬರೀಬಾರ್ದು?

ತುಂಗಾತೀರ:
ನಮಸ್ಕಾರ ಎಲ್ರಿಗೂ. ಮಗಳು ಆರನೇ ಕ್ಲಾಸು, ಈಗ ರೋಮನ್ ಸಂಖ್ಯೆ ಪಾಠ ನಡೀತಿದೆ. ಇಪ್ಪತ್ತು ಮೂವತ್ತರ ತನಕ ಸಲೀಸಾಗಿ ಬರೀತಾಳೆ, ಆಮೇಲೆ ತಡವರಿಸ್ತಾಳೆ. ಮೊನ್ನೆ 99ಕ್ಕೆ IC ಅಂತ ಬರೆದಿದ್ಲು, ಮಿಸ್ಸು ತಪ್ಪು ಹಾಕಿದಾರೆ. ಅವಳ ವಾದ ಏನಂದ್ರೆ ಹತ್ತರ ಎಡಕ್ಕೆ ಒಂದು ಇಟ್ಟು 9 ಮಾಡ್ಬಹುದಾದ್ರೆ ನೂರರ ಎಡಕ್ಕೆ ಒಂದು ಇಟ್ಟು 99 ಯಾಕೆ ಮಾಡ್ಬಾರ್ದು ಅಂತ, ಕೇಳಿದ್ರೆ ನ್ಯಾಯವಾಗೇ ಇದೆ ಅನ್ಸುತ್ತೆ. ಇನ್ನೊಂದು, ನಮ್ಮನೆ ಗೋಡೆ ಗಡಿಯಾರದಲ್ಲಿ ನಾಲ್ಕಕ್ಕೆ IIII ಅಂತಿದೆ, ಪುಸ್ತಕದಲ್ಲಿ IV ಅಂತಿದೆ. ಯಾವ್ದು ಸರಿ? ದೊಡ್ಡ ಸಂಖ್ಯೆ ಓದೋಕೆ ಸುಲಭದ ದಾರಿ ಇದ್ರೆ ಅದನ್ನೂ ಹೇಳಿ ಪ್ಲೀಸ್.

ಲೆಕ್ಕದ_ಮೇಷ್ಟ್ರು:
ಮಗು ತುಂಬಾ ಒಳ್ಳೆ ಪ್ರಶ್ನೆ ಕೇಳಿದೆ ಮೇಡಂ, ಬೈಯೋಕೆ ಹೋಗ್ಬೇಡಿ. ಮೊದಲು ಏಳು ಅಕ್ಷರ ಬಾಯಿಪಾಠ ಆಗ್ಲಿ, I ಒಂದು, V ಐದು, X ಹತ್ತು, L ಐವತ್ತು, C ನೂರು, D ಐನೂರು, M ಸಾವಿರ. ಚಿಕ್ಕದು ದೊಡ್ಡದರ ಬಲಕ್ಕಿದ್ರೆ ಕೂಡೋದು, ಎಡಕ್ಕಿದ್ರೆ ಕಳೆಯೋದು, ಇಷ್ಟು ಅವಳಿಗೆ ಗೊತ್ತೇ ಇದೆ. ಆದ್ರೆ ಕಳೆಯೋಕೆ ಲಿಮಿಟ್ ಇದೆ. V ಮತ್ತು X ಎಡಕ್ಕೆ ಮಾತ್ರ I ಬರುತ್ತೆ, L ಮತ್ತು C ಎಡಕ್ಕೆ X, D ಮತ್ತು M ಎಡಕ್ಕೆ C, ಅಷ್ಟೇ.

ಇದನ್ನ ರೂಲ್ ಅಂತ ಉರು ಹೊಡೆಸ್ಬೇಡಿ, ಸ್ಥಾನಬೆಲೆ ಪ್ರಕಾರ ಬಿಡಿಸೋಕೆ ಹೇಳಿ, ರೂಲ್ ತಾನಾಗೇ ಪಾಲನೆ ಆಗುತ್ತೆ. 99 ಅಂದ್ರೆ ತೊಂಬತ್ತು ಮತ್ತು ಒಂಬತ್ತು. ತೊಂಬತ್ತು XC, ಒಂಬತ್ತು IX, ಪಕ್ಕಪಕ್ಕ ಇಟ್ರೆ XCIX. 1947 ತಗೊಳ್ಳಿ, ಸಾವಿರ M, ಒಂಬೈನೂರು CM, ನಲವತ್ತು XL, ಏಳು VII, ಜೋಡಿಸಿದ್ರೆ MCMXLVII. ಒಂದು ಸ್ಥಾನದ್ದು ಮುಗಿಯೋ ತನಕ ಮುಂದಿನದಕ್ಕೆ ಕೈ ಹಾಕಬಾರ್ದು. IC ಅಂತ ಬರೆದಾಗ ಬಿಡಿ ಮತ್ತು ಹತ್ತು ಎರಡೂ ಒಂದರೊಳಗೊಂದು ಸೇರ್ಕೊಂಡ್ಬಿಡುತ್ತೆ, ಅದಕ್ಕೇ ಬೇಡ ಅನ್ನೋದು.

ಓದೋಕೆ ಪೆನ್ಸಿಲ್ ಕೊಡಿ. ಎಡದಿಂದ ಹೋಗ್ತಾ ಚಿಕ್ಕದರ ಪಕ್ಕ ದೊಡ್ಡದು ಕಂಡ್ರೆ ಎರಡಕ್ಕೂ ಸೇರಿಸಿ ಒಂದು ಸುತ್ತು ಹಾಕ್ಲಿ. MCDXCIIಲಿ CD, XC ಎರಡು ಸುತ್ತು ಬೀಳುತ್ತೆ, 1000, 400, 90, 2, ಒಟ್ಟು 1492.

ಕಲ್ಲಿನ_ಬರಹ:
ಗಡಿಯಾರದ್ದು ತಪ್ಪಲ್ಲ. ರೋಮನ್ನರೇ ಎರಡೂ ಥರ ಬರೀತಿದ್ರು. ರೋಮ್‌ನ ಕೊಲೋಸಿಯಂ ಅನ್ನೋ ದೊಡ್ಡ ಕ್ರೀಡಾಂಗಣ ಕ್ರಿ.ಶ. 80ರಲ್ಲಿ ಜನರಿಗೆ ತೆರೆದಿದ್ದು, ಜನ ತಮ್ಮ ಜಾಗಕ್ಕೆ ಸರಿಯಾಗಿ ಹೋಗ್ಲಿ ಅಂತ ಬಾಗಿಲ ಕಮಾನಿನ ಮೇಲೆ ನಂಬರ್ ಕೆತ್ತಿದಾರೆ, ಅದರಲ್ಲಿ 44ನೇ ಬಾಗಿಲಿಗೆ XLIIII ಅಂತಿದೆ. ಒಂದೇ ಸಂಖ್ಯೆಯಲ್ಲಿ ನಲವತ್ತನ್ನ ಕಳೆದು ಬರೆದಿದಾರೆ, ನಾಲ್ಕನ್ನ ಕೂಡಿ ಬರೆದಿದಾರೆ! ನಾವು ಈಗ ಕಲಿಸೋ ಕಟ್ಟುನಿಟ್ಟಿನ ಪದ್ಧತಿ ಗಟ್ಟಿಯಾಗಿದ್ದು ಎಷ್ಟೋ ಕಾಲ ಆದ್ಮೇಲೆ. ಗಡಿಯಾರಗಳಲ್ಲಿ IIII ಹಾಗೇ ಉಳ್ಕೊಂಡಿದೆ, ಆದ್ರೆ ಲಂಡನ್ನಿನ ಬಿಗ್ ಬೆನ್‌ಲಿ IV ಇದೆ ನೋಡಿ. ಪರೀಕ್ಷೆಲಿ ಮಾತ್ರ IV ಅಂತಲೇ ಬರೀಲಿ, ಮಾರ್ಕ್ಸ್ ಹೋಗುತ್ತೆ ಇಲ್ಲಾಂದ್ರೆ.

ಧಾರವಾಡ್_ಸ್ಟಡಿ_ರೂಮ್:
ಅಕ್ಕಾರ, ಚೊಲೋತ್ನಾಗೆ ಕಲಿಸ್ರಿ, ಮುಂದ ಉಪಯೋಗಕ್ಕ ಬರ್ತದ. ನಮಗ ಸಂವಿಧಾನದ ಭಾಗ ಎಲ್ಲಾ ರೋಮನ್ ಅಂಕಿದಾಗ ಬರ್ತಾವ. III ಮೂಲಭೂತ ಹಕ್ಕು, XVIII ತುರ್ತು ಪರಿಸ್ಥಿತಿ. IX ಬದ್ಲಿ XI ಅಂತ ಓದಿದ್ರ ಪಂಚಾಯತಿ ಹೋಗಿ ಕೇಂದ್ರ-ರಾಜ್ಯ ಸಂಬಂಧ ಬರ್ತದ, ಪೂರ್ತಿ ಬ್ಯಾರೆ ಚಾಪ್ಟರು.

ತುಂಗಾತೀರ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಬಿಡಿಸಿ ಬರೆಯೋದು ಹೇಳ್ಕೊಟ್ಟೆ, 444ಕ್ಕೆ CDXLIV ಅಂತ ತಾನೇ ಬರೆದ್ಲು. ಈಗ ಹೊಸ ಪ್ರಶ್ನೆ ಹಿಡ್ಕೊಂಡಿದಾಳೆ, 4000 ಹೇಗೆ ಬರೆಯೋದು ಅಂತೆ, M ನಾಲ್ಕು ಸಲ ಬರೆಯೋ ಹಾಗಿಲ್ವಲ್ಲ?

ಲೆಕ್ಕದ_ಮೇಷ್ಟ್ರು:
ಭೇಷ್! ಈ ಏಳಕ್ಷರದಲ್ಲಿ ಮಾಮೂಲಿ ರೂಲ್ ಪ್ರಕಾರ 3999ಕ್ಕೇ ನಿಲ್ಲುತ್ತೆ, MMMCMXCIX. ಅದರಾಚೆಗೆ ಅಕ್ಷರದ ಮೇಲೊಂದು ಅಡ್ಡಗೆರೆ ಎಳೀತಾರೆ, ಗೆರೆ ಇದ್ರೆ ಸಾವಿರದಿಂದ ಗುಣಿಸ್ಬೇಕು. V ಮೇಲೆ ಗೆರೆ ಇದ್ರೆ 5000, IV ಎರಡರ ಮೇಲೂ ಗೆರೆ ಇದ್ರೆ ಅವಳು ಕೇಳಿದ 4000.