ಸಹಾಯ ಬೇಕು: ಎಂಜಿನ್ ಬಿಸಿಯಾದಾಗ ಮಾತ್ರ ಸ್ಟಾರ್ಟರ್ ತಿರುಗುತ್ತಿಲ್ಲ

20 ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತದೆ. ಓಡಿಸಿ ನಿಲ್ಲಿಸಿ, 15–20 ನಿಮಿಷ ಬಿಟ್ಟು ಕೀ ತಿರುಗಿಸಿದರೆ ‘ಟಕ್’ ಅಂತ ಒಂದೇ ಸದ್ದು. ಹೆಡ್‌ಲೈಟ್ ಮಂಕಾಗುವುದಿಲ್ಲ, ಅಂದರೆ ಮೋಟರ್‌ಗೆ ದೊಡ್ಡ ಕರೆಂಟ್ ಹೋಗುತ್ತಲೇ ಇಲ್ಲ. ಐದಾರು ಸಲ ತಿರುಗಿಸಿದ ಮೇಲೆ ಏನೂ ಆಗೇ ಇಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ.

ಬ್ಯಾಟರಿ ಸುಮ್ಮನಿದ್ದಾಗ 12.6 ವೋಲ್ಟ್, ಕ್ರ್ಯಾಂಕ್ ಆಗುವಾಗ (ಸ್ಟಾರ್ಟರ್ ಎಂಜಿನ್ ತಿರುಗಿಸುವಾಗ) 10.4. ಆಗ ಬ್ಯಾಟರಿ ನೆಗೆಟಿವ್‌ನಿಂದ ಎಂಜಿನ್ ಬ್ಲಾಕ್‌ಗೆ ವೋಲ್ಟೇಜ್ ಇಳಿಕೆ 0.2 ಮಾತ್ರ, ಹಾಗಾಗಿ ಅರ್ಥಿಂಗ್ ಸರಿಯಿದೆ. ಆದರೆ ಕೈಕೊಟ್ಟ ಹೊತ್ತಿನಲ್ಲಿ ಸೊಲೆನಾಯ್ಡ್‌ನ (ಸ್ಟಾರ್ಟರ್ ಮೋಟರ್‌ಗೆ ಕರೆಂಟ್ ಜೋಡಿಸುವ ವಿದ್ಯುತ್ಕಾಂತದ ಸ್ವಿಚ್) ಸಣ್ಣ ವೈರ್‌ನಲ್ಲಿ ಬರೀ 8.1, ಅದೇ ಕ್ಷಣ ಬ್ಯಾಟರಿಯಲ್ಲಿ 12.2! ಬಿಸಿಗೆ ಸೊಲೆನಾಯ್ಡ್ ಕಾಯಿಲ್‌ನ ರೆಸಿಸ್ಟೆನ್ಸ್ ಬೇರೆ ಏರುತ್ತದೆ. ಅದರೊಳಗಿನ ಪ್ಲಂಜರ್ (ಜಾರುವ ಕಬ್ಬಿಣದ ತುಂಡು) ಪೂರ್ತಿ ಎಳೆಯುವಷ್ಟು ಬಲ ಸಿಗುತ್ತಿಲ್ಲ ಅನಿಸುತ್ತದೆ. ಆ ವೈರಿನ ಟರ್ಮಿನಲ್ ಬಿಚ್ಚಿದಾಗ ಹಸಿರು ಕಿಲುಬು ಹಿಡಿದಿತ್ತು. ಉಜ್ಜಿ, ಇಕ್ಕಳದಿಂದ ಬಿಗಿ ಮಾಡಿ ಕೂರಿಸಿದರೂ 8.4ಕ್ಕೆ ಏರಿತು, ಅಷ್ಟೆ.

ಸುಟ್ಟಿರುವುದು ಇಗ್ನಿಷನ್ ಸ್ವಿಚ್‌ನ ಕಾಂಟ್ಯಾಕ್ಟೋ, ನಡುವಿನ ಕನೆಕ್ಟರೋ? ಸ್ವಿಚ್ ಬಿಚ್ಚದೆ ಪತ್ತೆ ಮಾಡುವುದು ಹೇಗೆ? ಬ್ಯಾಟರಿಯಿಂದ 30 ಆಂಪ್ ಫ್ಯೂಸ್ ಹಾಕಿ 4 ಪಿನ್ ರಿಲೇ (ಸಣ್ಣ ಕರೆಂಟ್‌ನಿಂದ ದೊಡ್ಡ ಕರೆಂಟ್ ಜೋಡಿಸುವ ಸ್ವಿಚ್) ಮೂಲಕ ಸೊಲೆನಾಯ್ಡ್‌ಗೆ ಸಪ್ಲೈ ಕೊಡಬಹುದು, ಗೊತ್ತು. ಆದರೆ ಮೂಲ ದೋಷ ಹಾಗೇ ಮುಚ್ಚಿಹೋಗುವುದು ಬೇಡ. ಕೀ ತಿರುಗಿಸಿ ಹಿಡಿದಾಗ ಮೀಟರ್‌ನ ಎರಡು ಕಡ್ಡಿಗಳನ್ನು ಎಲ್ಲೆಲ್ಲಿ ಇಡಬೇಕೆಂದು ಅನುಭವ ಇರುವವರು ದಯವಿಟ್ಟು ತಿಳಿಸಿ.