ಹೊಸ ಎಸ್‌ಎಸ್‌ಡಿ ಹಾಕಿಸಿದ್ಮೇಲೂ ಲ್ಯಾಪ್‌ಟಾಪ್ ಮಧ್ಯ ಮಧ್ಯ ಹ್ಯಾಂಗ್ ಆಗ್ತಿದೆ, ಎಂತ ಇರಬಹುದು?

ತೀರ್ಥಹಳ್ಳಿ_ಡಿಟಿಪಿ

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗತ್ತೆ, ಓದಿ ಹೇಳಿ. ನಂದು 2016ರ ಲ್ಯಾಪ್‌ಟಾಪ್, ಆರನೇ ಜನರೇಶನ್ ಐ5, 8 ಜಿಬಿ ರ‍್ಯಾಮ್, ಒಳಗೆ 1 ಟಿಬಿ ಹಾರ್ಡ್‌ಡಿಸ್ಕ್ ಇತ್ತು. ತೀರ್ಥಹಳ್ಳಿಲಿ ಡಿಟಿಪಿ ಕೆಲಸ ಮಾಡ್ತೀನಿ, ಮದುವೆ ಕಾಗದ, ಗೃಹಪ್ರವೇಶದ ಕಾಗದ, ಸೊಸೈಟಿಯವ್ರ ವಾರ್ಷಿಕ ವರದಿ ಇಂಥವೆಲ್ಲ. ಹಳೇ ಡಿಸ್ಕಲ್ಲಿ ಒಂದು ಕೋರೆಲ್ ಫೈಲ್ ಓಪನ್ ಆಗೋದ್ರೊಳಗೆ ಎದುರಿಗೆ ಕೂತ ಗಿರಾಕಿಗೆ ಬೇಜಾರು ಬರ್ತಿತ್ತು, ಟಾಸ್ಕ್ ಮ್ಯಾನೇಜರ್ ತೆಗೆದ್ರೆ ಯಾವಾಗ್ಲೂ ಡಿಸ್ಕ್ 100%. ಈ ಮಾಡೆಲ್ಲಲ್ಲಿ ಎಂ.2 ಸ್ಲಾಟ್ (ಸಣ್ಣ ಪಟ್ಟಿ ತರದ ಡಿಸ್ಕ್ ಕೂರೋ ಜಾಗ) ಇಲ್ಲ, ಅದಕ್ಕೆ ಹಳೇ ಡಿಸ್ಕಿನ ಜಾಗದಲ್ಲೇ ಕೂರೋ, ತಿರುಗೋ ತಟ್ಟೆ ಬದಲು ಚಿಪ್ಪಲ್ಲಿ ಡೇಟಾ ಇಡೋ 500 ಜಿಬಿದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ತಗೊಂಡು ಅಂಗಡಿಲಿ ಹಾಕಿಸ್ದೆ, ವಿಂಡೋಸ್ 10 ಹೊಸದಾಗಿ ಹಾಕಿದ್ರು, ಹಳೇ ಹಾರ್ಡ್‌ಡಿಸ್ಕನ್ನ ಯುಎಸ್‌ಬಿ ಕೇಸಿಗೆ ಹಾಕಿ ಕೊಟ್ರು.

ಶುರುವಲ್ಲಿ ನಿಜವಾಗ್ಲೂ ಹಾರ್ತಿತ್ತು. ಆಮೇಲೆ ಒಂದು ಕಾಯಿಲೆ ಶುರುವಾಯ್ತು. ಕೆಲಸ ಮಾಡ್ತಾ ಮಾಡ್ತಾ ಎಲ್ಲ ನಿಂತ್ಬಿಡತ್ತೆ, ಮೌಸ್ ಓಡಾಡತ್ತೆ ಆದ್ರೆ ಯಾವುದನ್ನ ಒತ್ತಿದ್ರೂ ಏನೂ ಆಗಲ್ಲ, ಅರ್ಧ ನಿಮಿಷ ಬಿಟ್ಟು ನಾನು ಒತ್ತಿದ್ದೆಲ್ಲ ಒಟ್ಟಿಗೆ ಓಪನ್ ಆಗತ್ತೆ. ದೊಡ್ಡ ಫೈಲ್ ಸೇವ್ ಮಾಡೋವಾಗ ಜಾಸ್ತಿ. ಕೆಲವು ಸಲ ರೀಸ್ಟಾರ್ಟ್ ಮಾಡಿದ್ರೆ ಬೂಟ್ ಡಿವೈಸ್ ಸಿಗ್ತಾ ಇಲ್ಲ ಅಂತ ಬರತ್ತೆ, ಪೂರ್ತಿ ಆಫ್ ಮಾಡಿ ಆನ್ ಮಾಡಿದ್ರೆ ಸರಿ ಹೋಗತ್ತೆ. ವಿಂಡೋಸ್ ಮತ್ತೊಂದ್ಸಲ ಹಾಕಿಸಿದ್ದಾಯ್ತು, ವೈರಸ್ ಸ್ಕ್ಯಾನ್ ಮಾಡಿದ್ದಾಯ್ತು, ಚೆಕ್‌ಡಿಸ್ಕ್ ಮಾಡಿದ್ರೆ ಎಲ್ಲ ಸರಿ ಇದೆ ಅನ್ನತ್ತೆ. ಅಂಗಡಿಯವ್ರು ಎಸ್‌ಎಸ್‌ಡಿನೇ ಸರಿ ಇಲ್ಲ, ವಾರಂಟಿಗೆ ಕಳ್ಸಿ, ಅಲ್ಲೀವರೆಗೆ ಇನ್ನೊಂದು ತಗೊಳಿ ಅಂತಿದಾರೆ. ಮದುವೆ ಸೀಸನ್ ಹತ್ರ ಬಂತು, ಕಳ್ಸಿ ಕೂತ್ರೆ ಕೆಲಸ ನಿಲ್ಲತ್ತೆ. ಕಳ್ಸೋಕ್ಕೆ ಮುಂಚೆ ತಪ್ಪು ಎಲ್ಲಿದೆ ಅಂತ ಖಾತ್ರಿ ಮಾಡ್ಕೊಳೋಕೆ ದಾರಿ ಇದ್ರೆ ಹೇಳಿ. ಇನ್ನೊಂದು, ಬ್ಯಾಟರಿ ಸತ್ತೋಗಿದೆ, ಚಾರ್ಜರ್ ಮೇಲೇ ಓಡ್ತಿರೋದು.

ಶರಾವತಿ_ಕಣಿವೆ

ವಿಂಡೋಸಿನ ಪವರ್ ಸೆಟ್ಟಿಂಗಲ್ಲಿ ಹೈ ಪರ್ಫಾರ್ಮೆನ್ಸ್ ಹಾಕಿ ನೋಡಿ ಮೊದ್ಲು. ಡಿಸ್ಕಿಗೂ ಬೋರ್ಡಿಗೂ ಮಧ್ಯದ ಸಾಟಾ ಲಿಂಕನ್ನ ಕೆಲಸ ಇಲ್ಲದಾಗ ಮಲಗ್ಸೋ ವ್ಯವಸ್ಥೆ ಒಂದಿದೆ ಕರೆಂಟ್ ಉಳ್ಸೋಕೆ, ಕೆಲವು ಎಸ್‌ಎಸ್‌ಡಿಗಳು ಹಂಗೆ ಮಲಗಿದ್ಮೇಲೆ ಸರಿಯಾಗಿ ಏಳಲ್ಲ, ಆವಾಗ ಥೇಟ್ ಇದೇ ತರ ಅರ್ಧ ನಿಮಿಷ ನಿಲ್ಲತ್ತೆ. ಸಾಗರದಲ್ಲಿ ನಮ್ಮ ಆಫೀಸಿನ ಮಿಷನ್ ಒಂದು ಅಷ್ಟರಲ್ಲೇ ಸರಿ ಹೋಯ್ತು. ಎಸ್‌ಎಸ್‌ಡಿ ಕಂಪನಿಯವ್ರ ಸಾಫ್ಟ್‌ವೇರ್ ಹಾಕಿ ಫರ್ಮ್‌ವೇರ್ (ಡಿಸ್ಕಿನ ಒಳಗೇ ಓಡೋ ಸಾಫ್ಟ್‌ವೇರ್) ಅಪ್‌ಡೇಟ್ ಇದ್ರೆ ಅದನ್ನೂ ಮಾಡಿ, ಮಾಡೋಕ್ಕೆ ಮುಂಚೆ ಬ್ಯಾಕಪ್ ತಗೊಳಿ, ನಿಮ್ದು ಬ್ಯಾಟರಿ ಬೇರೆ ಇಲ್ಲ.

ಸರ್ವಿಸ್_ಬೆಂಚ್_ಶಿವಮೊಗ್ಗ

ಬ್ಯಾಟರಿ ಇಲ್ಲದೆ ಫರ್ಮ್‌ವೇರ್ ಅಪ್‌ಡೇಟ್ ಖಂಡಿತ ಬೇಡ ಸರ್, ಮಧ್ಯದಲ್ಲಿ ಕರೆಂಟ್ ಹೋದ್ರೆ ಚೆನ್ನಾಗಿರೋ ಡಿಸ್ಕೂ ಹೋಗತ್ತೆ. ಪವರ್ ಸೆಟ್ಟಿಂಗ್ ಬದಲಾಯಿಸಿ ನೋಡಿ, ಅದರಿಂದ ನಷ್ಟ ಇಲ್ಲ. ಆದ್ರೆ ಅದಕ್ಕಿಂತ ಮುಂಚೆ ಡಿಸ್ಕ್ ಏನು ಹೇಳ್ತಿದೆ ಅಂತ ಕೇಳ್ಬೇಕು, ಯಾಕಂದ್ರೆ ಡಿಸ್ಕ್ ತನ್ನ ಲೆಕ್ಕ ತಾನೇ ಬರ್ಕೊಂಡಿರತ್ತೆ.

ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅಂತ ಫ್ರೀ ಸಾಫ್ಟ್‌ವೇರ್ ಇದೆ, ಹಾಕಿ. ಅದರಲ್ಲಿ ನಾಲ್ಕು ವಿಷಯ ನೋಡಿ ಇಲ್ಲಿ ಬರೀರಿ. ಹೆಲ್ತ್ ಎಷ್ಟು ಪರ್ಸೆಂಟ್. 05 ಅನ್ನೋ ಸಾಲಲ್ಲಿ ಎಷ್ಟಿದೆ, ಅದು ಕೆಟ್ಟೋಗಿ ಬದಲಾಯಿಸಿದ ಜಾಗದ ಲೆಕ್ಕ. ಸಿ7 ಅನ್ನೋ ಸಾಲಲ್ಲಿ ಎಷ್ಟಿದೆ, ಅದು ಸಿಆರ್‌ಸಿ ಎರರ್, ಅಂದ್ರೆ ದಾರಿಲಿ ಡೇಟಾ ಕೆಟ್ಟಿದ್ದರ ಲೆಕ್ಕ. ಮೇಲ್ಗಡೆ ಟ್ರಾನ್ಸ್‌ಫರ್ ಮೋಡ್ ಅಂತ ಎರಡು ನಂಬರ್ ಪಕ್ಕ ಪಕ್ಕ ಇರತ್ತೆ, ಎಡಗಡೇದು ಈಗ ಓಡ್ತಿರೋ ಸ್ಪೀಡು, ಬಲಗಡೇದು ಡಿಸ್ಕಿಗೆ ಸಾಧ್ಯ ಇರೋ ಸ್ಪೀಡು, ಎರಡೂ ಸಾಟಾ 600 ಇರಬೇಕು.

ಜೊತೆಗೆ ವಿಂಡೋಸಿನ ಈವೆಂಟ್ ವ್ಯೂವರಲ್ಲಿ ಸಿಸ್ಟಮ್ ಲಾಗ್ ತೆಗೆದು, ಹ್ಯಾಂಗ್ ಆದ ಟೈಮಿಗೆ 129 ಅಥವಾ 153 ನಂಬರಿನ ಎಚ್ಚರಿಕೆ ಬಂದಿದ್ಯಾ ನೋಡಿ. 129 ಅಂದ್ರೆ ಡಿಸ್ಕ್ ಉತ್ತರ ಕೊಡ್ಲಿಲ್ಲ ಅಂತ ವಿಂಡೋಸ್ ಅದನ್ನ ರೀಸೆಟ್ ಮಾಡ್ತು ಅಂತ, 153 ಅಂದ್ರೆ ಓದೋ ಬರೆಯೋ ಕೆಲಸವನ್ನ ಮತ್ತೆ ಮಾಡಬೇಕಾಯ್ತು ಅಂತ.

ತೀರ್ಥಹಳ್ಳಿ_ಡಿಟಿಪಿ

ಸರ್ ಥ್ಯಾಂಕ್ಸ್, ಎಲ್ಲ ನೋಡ್ದೆ. ಹೈ ಪರ್ಫಾರ್ಮೆನ್ಸ್ ಹಾಕಿದೀನಿ, ವ್ಯತ್ಯಾಸ ಕಾಣ್ಲಿಲ್ಲ. ಹೆಲ್ತ್ 99%. 05ರಲ್ಲಿ ಬರೀ ಸೊನ್ನೆ. ಸಿ7ರಲ್ಲಿ ಸೊನ್ನೆಗಳ ಕೊನೇಲಿ 14ಎ ಅಂತಿದೆ, ನಂಬರ್ ಜೊತೆ ಅಕ್ಷರ ಎಂತಕ್ಕೆ ಗೊತ್ತಾಗ್ಲಿಲ್ಲ. ಟ್ರಾನ್ಸ್‌ಫರ್ ಮೋಡ್ ಎಡಗಡೆ ಸಾಟಾ 300, ಬಲಗಡೆ ಸಾಟಾ 600. ಈವೆಂಟ್ ವ್ಯೂವರಲ್ಲಿ 129 ರಾಶಿ ಇದೆ.

ಇನ್ನೊಂದು ಹೇಳ್ಬೇಕು, ಸಿಆರ್‌ಸಿ ಅಂದ್ರೆ ಕೇಬಲ್ ಸಮಸ್ಯೆ ಅಂತ ಹುಡುಕಿದಾಗ ಓದ್ದೆ. ಆದ್ರೆ ಇದೇ ಕೇಬಲ್ಲಲ್ಲಿ ಹಳೇ ಹಾರ್ಡ್‌ಡಿಸ್ಕ್ ಇಷ್ಟು ವರ್ಷ ಓಡಿದೆ, ನಿಧಾನ ಇತ್ತು ಬಿಟ್ರೆ ಒಂದಿನ ಹಿಂಗೆ ನಿಂತಿದ್ದಿಲ್ಲ. ಹಂಗಿದ್ಮೇಲೆ ಕೇಬಲ್ ಹೆಂಗೆ ಆಗತ್ತೆ?

ಸರ್ವಿಸ್_ಬೆಂಚ್_ಶಿವಮೊಗ್ಗ

14ಎ ಅನ್ನೋದು ಹದಿನಾರರ ಲೆಕ್ಕ, ಆ ಸಾಫ್ಟ್‌ವೇರ್ ಹಂಗೇ ತೋರ್ಸತ್ತೆ, ನಮ್ಮ ಲೆಕ್ಕದಲ್ಲಿ 330. ಸೆಟ್ಟಿಂಗಲ್ಲಿ ರಾ ವ್ಯಾಲ್ಯೂಸನ್ನ ಡೆಸಿಮಲ್ಲಿಗೆ ಬದಲಾಯಿಸಿದ್ರೆ ಮಾಮೂಲಿ ನಂಬರ್ ಬರತ್ತೆ.

ಈ 330 ಅಂದ್ರೆ ಏನು ಅಂತ ಹೇಳ್ತೀನಿ, ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ಅರ್ಥ ಆಗತ್ತೆ. ಸಾಟಾ ವೈರಿನ ಮೇಲೆ ಹೋಗೋ ಪ್ರತಿ ಕಂತಿನ ಡೇಟಾಕ್ಕೂ ಕೊನೇಲಿ ಒಂದು ತಾಳೆ ನೋಡೋ ಮೊತ್ತ ಇರತ್ತೆ. ಆ ಕಡೆ ತಲುಪಿದ ತಕ್ಷಣ ಮತ್ತೆ ಲೆಕ್ಕ ಹಾಕ್ತಾರೆ, ಮೊತ್ತ ಹೊಂದಿಲ್ಲ ಅಂದ್ರೆ ಆ ಕಂತನ್ನ ಬಿಸಾಕಿ ಮತ್ತೆ ಕಳ್ಸು ಅಂತಾರೆ, ಸಿ7ರಲ್ಲಿ ಒಂದು ಜಾಸ್ತಿ ಆಗತ್ತೆ. ಅಂದ್ರೆ ಹೊರಟಾಗ ಡೇಟಾ ಸರಿ ಇತ್ತು, ದಾರಿಲಿ ಕೆಟ್ತು. ಡಿಸ್ಕಿನ ಒಳಗೆ ಚಿಪ್ ಕೆಟ್ಟಿದ್ರೆ 05 ಏರ್ತಿತ್ತು, ಹೆಲ್ತ್ ಇಳೀತಿತ್ತು, ನಿಮ್ದು ಎರಡೂ ಆಗಿಲ್ಲ. ಸಾಟಾ 600 ಇರೋದು 300ಕ್ಕೆ ಇಳಿದಿರೋದೂ ಅದೇ ಕಥೆ, ಮೇಲಿನ ಸ್ಪೀಡಲ್ಲಿ ಲಿಂಕ್ ನಿಲ್ತಾ ಇಲ್ಲ ಅಂತ ಕೆಳಗಿನ ಸ್ಪೀಡಿಗೆ ಬಂದು ನಿಂತಿದೆ. ಶರಾವತಿಯವ್ರು ಹೇಳಿದ ಲಿಂಕ್ ಮಲಗೋ ಸಮಸ್ಯೆಲೂ 129 ಬರತ್ತೆ ನಿಜ, ಆದ್ರೆ ಸಾಮಾನ್ಯವಾಗಿ ಸಿ7 ಹಿಂಗೆ ಏರಲ್ಲ, ಸ್ಪೀಡೂ ಇಳಿಯಲ್ಲ.

ಒಂದು ಸಮಾಧಾನದ ವಿಷಯ, ಹಂಗೆ ಕೆಟ್ಟ ಕಂತನ್ನ ಒಳಗೆ ಬರ್ಕೊಳಲ್ಲ, ಆದ್ರಿಂದ ನಿಮ್ಮ ಫೈಲುಗಳು ಸದ್ದಿಲ್ಲದೆ ಹಾಳಾಗಿರೋ ಸಾಧ್ಯತೆ ಕಮ್ಮಿ. ಹ್ಯಾಂಗ್ ಆದಾಗ ತಾಳ್ಮೆ ಇಲ್ಲದೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡೋದೇ ಜಾಸ್ತಿ ಅಪಾಯ, ಅದನ್ನ ಮಾಡ್ಬೇಡಿ, ಕಾಯಿರಿ.

ಹಳೇ ಡಿಸ್ಕಿಗೆ ಯಾಕೆ ಗೊತ್ತಾಗ್ಲಿಲ್ಲ ಅಂತ ಕೇಳಿದ್ರಲ್ಲ, ಒಳ್ಳೇ ಪ್ರಶ್ನೆ. 5400 ಆರ್‌ಪಿಎಂ ಹಾರ್ಡ್‌ಡಿಸ್ಕ್ ಸೆಕೆಂಡಿಗೆ ಹೆಚ್ಚು ಕಮ್ಮಿ 100 ಎಂಬಿ ಕಳ್ಸತ್ತೆ ಅಷ್ಟೆ, ಅದೂ ಒಂದೇ ಕಡೆ ಇರೋ ದೊಡ್ಡ ಫೈಲಾದ್ರೆ. ಎಸ್‌ಎಸ್‌ಡಿ 500 ಎಂಬಿ ದಾಟಿ ತಳ್ಳತ್ತೆ. ಅಷ್ಟು ಕಮ್ಮಿ ಓಡಾಟದಲ್ಲಿ ಅಪರೂಪಕ್ಕೆ ಒಂದು ತಪ್ಪಾದ್ರೆ, ಮೊದ್ಲೇ ನಿಧಾನ ಇರೋ ಡಿಸ್ಕಲ್ಲಿ ಯಾರಿಗೂ ಕಾಣಲ್ಲ. ಆದ್ರೆ ಊಹೆ ಎಂತಕ್ಕೆ, ಹಳೇ ಹಾರ್ಡ್‌ಡಿಸ್ಕ್ ನಿಮ್ಮ ಹತ್ರಾನೇ ಇದ್ಯಲ್ಲ, ಅದೂ ತನ್ನ ಸಿ7 ಲೆಕ್ಕ ಇಟ್ಕೊಂಡಿರತ್ತೆ. ಯುಎಸ್‌ಬಿ ಕೇಸಲ್ಲೇ ಚುಚ್ಚಿ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತೆಗೀರಿ, ಅಲ್ಲೂ ಸಿ7 ಸೊನ್ನೆ ಅಲ್ಲದಿದ್ರೆ ದಾರಿ ಮೊದ್ಲಿಂದಾನೇ ಕೆಟ್ಟಿತ್ತು ಅಂತ ಆಯ್ತು.

ಆಮೇಲೆ ಆ ಕೇಸಿನಿಂದ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ, ಮನೇಲಿ ಇನ್ಯಾರದ್ದಾದ್ರೂ ಕಂಪ್ಯೂಟರಿಗೆ ಚುಚ್ಚಿ, ಎಸ್‌ಎಸ್‌ಡಿಲಿ ಇರೋ ದೊಡ್ಡ ದೊಡ್ಡ ಫೈಲ್ ಆಚೆ ಈಚೆ ಕಾಪಿ ಮಾಡಿ. ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಸಿ7 ಬರ್ಕೊಳಿ. ಅಲ್ಲಿ ಒಂದೂ ಏರ್ಲಿಲ್ಲ, ಲ್ಯಾಪ್‌ಟಾಪಲ್ಲಿ ಏರತ್ತೆ ಅಂದ್ರೆ ಎಸ್‌ಎಸ್‌ಡಿ ಮೇಲೆ ತಪ್ಪು ಹಾಕೋಕೆ ಆಗಲ್ಲ.

ಲಿನಕ್ಸ್_ಸಾಗರ

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ, ಆರನೇ ಜನರೇಶನ್ನಿಗೆ ವಿಂಡೋಸ್ 11 ಅಧಿಕೃತವಾಗಿ ಬರಲ್ಲ. ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕ್ಬಿಡಿ, ಹಳೇ ಲ್ಯಾಪ್‌ಟಾಪಿಗೆ ಚೆನ್ನಾಗಿ ಹೊಂದತ್ತೆ.

ಸರ್ವಿಸ್_ಬೆಂಚ್_ಶಿವಮೊಗ್ಗ

ಅವ್ರು ಕೋರೆಲಲ್ಲಿ ಹೊಟ್ಟೆ ಹೊರೀತಿರೋರು, ನುಡಿ ಫಾಂಟಲ್ಲಿ ವರ್ಷಗಟ್ಟಲೆ ಮಾಡಿಟ್ಟ ಫೈಲ್ ಇರತ್ತೆ, ಸೀಸನ್ ಎದುರಿಗೆ ಇಟ್ಕೊಂಡು ಅದೆಲ್ಲ ಬದಲಾಯಿಸೋಕೆ ಆಗಲ್ಲ. ಮೇಲಾಗಿ ವೈರ್ ಕೆಟ್ಟಿದ್ರೆ ಲಿನಕ್ಸಲ್ಲೂ ನಿಲ್ಲತ್ತೆ. ಸಪೋರ್ಟ್ ವಿಷಯ ಮಾತ್ರ ನೀವು ಹೇಳಿದ್ದು ಸರಿ, ಬ್ಯಾಂಕ್ ಕೆಲಸ ಆ ಲ್ಯಾಪ್‌ಟಾಪಲ್ಲಿ ಮಾಡ್ದೇ ಇದ್ರೆ ಒಳ್ಳೇದು.

ಶೃಂಗೇರಿ_ಮಳೆ

ತೀರ್ಥಹಳ್ಳಿಯವ್ರೇ, ನಿಮ್ಮ ತಾಲ್ಲೂಕಲ್ಲೇ ವರ್ಷಕ್ಕೆ 7000 ಮಿಲಿಮೀಟರ್ ದಾಟಿ ಮಳೆ ಹೊಯ್ಯೋ ಆಗುಂಬೆ ಇರೋದು, ನಮ್ಮ ಕಡೇನೂ ಅದೇ ಕಥೆ. ಮಳೆಗಾಲದಲ್ಲಿ ಚಪ್ಪಲಿ, ಬೆಲ್ಟು, ಬೀರುವಿನ ಬಟ್ಟೆಗೆಲ್ಲ ಬೂಷ್ಟು ಹಿಡಿಯೋ ಮನೇಲಿ ಲ್ಯಾಪ್‌ಟಾಪಿನ ಒಳಗಿನ ಕನೆಕ್ಟರ್ ಮಾತ್ರ ಹೊಳೀತಾ ಇರಬೇಕು ಅಂದ್ರೆ ಎಲ್ಲಿಂದ ಆಗತ್ತೆ. ನಮ್ಮಲ್ಲಿ ಒಂದು ಲ್ಯಾಪ್‌ಟಾಪ್ ಬಿಚ್ಚಿದಾಗ ಪಿನ್ ಮೇಲೆ ಹಸಿರು ಕಟ್ಟಿತ್ತು. ತೆಗೆದಾಗ ಪಿನ್ನಿನ ಬಣ್ಣ ನೋಡೋದು ಮರೀಬೇಡಿ. ಮಳೆಗಾಲದಲ್ಲಿ ಬ್ಯಾಗೊಳಗೆ ತಿಂಗಳಾನುಗಟ್ಟಲೆ ಇಡೋಕಿಂತ ದಿನಾ ಸ್ವಲ್ಪ ಹೊತ್ತು ಓಡ್ಸೋದು ವಾಸಿ, ಒಳಗಿನ ಬಿಸಿಗೆ ಪಸೆ ಆರತ್ತೆ.

ತೀರ್ಥಹಳ್ಳಿ_ಡಿಟಿಪಿ

ಹೇಳಿದ ಹಾಗೆ ಮಾಡ್ದೆ. ಹಳೇ ಹಾರ್ಡ್‌ಡಿಸ್ಕಲ್ಲಿ 05 ಸೊನ್ನೆ, ಆದ್ರೆ ಸಿ7 47 ಇದೆ! ಅಂದ್ರೆ ಮುಂಚಿಂದಾನೇ ಇತ್ತು. ಎಸ್‌ಎಸ್‌ಡಿನ ಕೇಸಿಗೆ ಹಾಕಿ ಮಗಳ ಲ್ಯಾಪ್‌ಟಾಪಿಗೆ ಚುಚ್ಚಿ 50 ಜಿಬಿ ಆಚೆ ಈಚೆ ಮಾಡ್ದೆ, ಸಿ7 ಒಂದೂ ಏರ್ಲಿಲ್ಲ. ವಾಪಸ್ ಒಳಗೆ ಹಾಕಿ ಅಷ್ಟೇ ಫೈಲ್ ಕಾಪಿ ಮಾಡಿದ್ರೆ ಕಣ್ಣೆದುರಿಗೇ ಏರಿ 978ಕ್ಕೆ ಬಂತು, ಮಧ್ಯ ನಿಲ್ತು ಕೂಡ.

ಬಿಚ್ಚಿದಾಗ ನೋಡಿದ್ದು: ಕೇಬಲ್ ಅಂದ್ರೆ ಪಟ್ಟಿ ತರದ್ದು, ತೆಳ್ಳಗೆ, ಸ್ಕ್ರೂ ಕೂರೋ ಕಂಬದ ಹತ್ರ ಚೂಪಾಗಿ ಮಡಚಿದೆ, ಮಡಿಕೆ ಬಿಳಿ ಆಗಿದೆ. ಬೋರ್ಡ್ ಕಡೆ ತುದಿಲಿ ಪಿನ್ ಮಂಕಾಗಿದೆ, ಒಂದೆರಡು ಕಡೆ ಹಸಿರೂ ಇದೆ. ಇನ್ನೊಂದು, ಎಸ್‌ಎಸ್‌ಡಿ ಆ ಜಾಗದಲ್ಲಿ ಅಲ್ಲಾಡ್ತಾ ಇತ್ತು, ಕೈಯಲ್ಲಿ ಒತ್ತಿದ್ರೆ ಮೇಲೆ ಕೆಳಗೆ ಹೋಗತ್ತೆ.

ಸರ್ವಿಸ್_ಬೆಂಚ್_ಶಿವಮೊಗ್ಗ

ಆ ಅಲ್ಲಾಡೋದು ಬಹಳ ಮುಖ್ಯ. ನಿಮ್ಮ ಹಳೇ ಡಿಸ್ಕ್ 9.5 ಮಿಲಿಮೀಟರ್ ದಪ್ಪದ್ದು ಇರತ್ತೆ ಅನ್ಸತ್ತೆ, ಎಸ್‌ಎಸ್‌ಡಿ 7 ಮಿಲಿಮೀಟರ್. ಉಳಿದ 2.5 ಮಿಲಿಮೀಟರಿಗೆ ಒಂದು ಪ್ಲಾಸ್ಟಿಕ್ ಚೌಕಟ್ಟು ಅಂಟಿಸ್ಬೇಕು, ಸ್ಪೇಸರ್ ಅಂತಾರೆ, ಕೆಲವು ಎಸ್‌ಎಸ್‌ಡಿ ಡಬ್ಬಲ್ಲೇ ಬರತ್ತೆ. ಅದಿಲ್ಲ ಅಂದ್ರೆ ಲ್ಯಾಪ್‌ಟಾಪ್ ಎತ್ತಿದಾಗಲೆಲ್ಲ ಡಿಸ್ಕಿನ ಭಾರ ಕೇಬಲಿನ ಮೂತಿ ಮೇಲೆ ಬೀಳತ್ತೆ. ಮೊದ್ಲೇ ಸೋತಿದ್ದ ಕೇಬಲ್, ಬಿಚ್ಚಿ ಕೂರ್ಸೋವಾಗ ಮಡಚಿದೆ, ಮೇಲಿಂದ ಈ ಅಲ್ಲಾಟ, ಅದಕ್ಕೇ ಕೆಲವು ದಿನ ಚೆನ್ನಾಗಿದ್ದು ಆಮೇಲೆ ಶುರುವಾಗಿರೋದು.

ಈಗ ಮಾಡೋದು. ಚಾರ್ಜರ್ ತೆಗೀರಿ, ಸತ್ತ ಬ್ಯಾಟರಿ ಆದ್ರೂ ಅದರ ಕನೆಕ್ಟರ್ ಬಿಡ್ಸಿ, ಪವರ್ ಬಟನ್ ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡೀರಿ, ಆಮೇಲೇ ಕೈ ಹಾಕಿ. ಬೋರ್ಡ್ ಕಡೆ ಕಪ್ಪು ಅಥವಾ ಕಂದು ಬಣ್ಣದ ಸಣ್ಣ ಲಾಕ್ ಇದ್ರೆ ಉಗುರಲ್ಲಿ ಮೆಲ್ಲಗೆ ಎತ್ತಿ, ಎಳೆದು ಕೀಳ್ಬೇಡಿ, ಆ ಲಾಕ್ ಮುರಿದ್ರೆ ಕೇಬಲಿನ ಬದಲು ಬೋರ್ಡ್ ಕೆಲಸ ಆಗತ್ತೆ. ಬೋರ್ಡ್ ಕಡೆ ಕನೆಕ್ಟರನ್ನ 99% ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಶ್ಶಲ್ಲಿ ಒರೆಸಿ, ಪೂರ್ತಿ ಆರ್ಲಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು, ಗ್ಲಿಸರಿನ್ ಇರತ್ತೆ. ಪೆನ್ಸಿಲ್ ರಬ್ಬರಲ್ಲಿ ಉಜ್ಜಿ ಅಂತ ಯಾರಾದ್ರೂ ಹೇಳ್ತಾರೆ, ಈ ಪಟ್ಟಿ ಕೇಬಲಿನ ಲೇಪ ತೆಳು, ಎದ್ದು ಬರತ್ತೆ, ನಾನಂತೂ ಬೇಡ ಅಂತೀನಿ. ಕೇಬಲ್ ಮಾತ್ರ ಹೊಸದೇ ಹಾಕಿ, ಮಡಚಿದ ಜಾಗ ಸರಿ ಆಗೋದಲ್ಲ. ಅದರ ಮೇಲೆ ಸಣ್ಣ ಅಕ್ಷರದಲ್ಲಿ ಪಾರ್ಟ್ ನಂಬರ್ ಪ್ರಿಂಟ್ ಆಗಿರತ್ತೆ, ಲ್ಯಾಪ್‌ಟಾಪ್ ಮಾಡೆಲ್ ಹೇಳಿ ತರಿಸ್ಬೇಡಿ, ಒಂದೇ ಮಾಡೆಲ್ಲಲ್ಲಿ ಎರಡು ಮೂರು ತರ ಕೇಬಲ್ ಬಂದಿರತ್ತೆ, ಆ ನಂಬರ್ ಕೊಟ್ಟೇ ತರಿಸಿ. ಎಸ್‌ಎಸ್‌ಡಿ ವಾರಂಟಿಗೆ ಕಳ್ಸೋದು ಬೇಡ.

ತೀರ್ಥಹಳ್ಳಿ_ಡಿಟಿಪಿ

ಸರ್, ನಂಬರ್ ಕೊಟ್ಟು ಕೇಬಲ್ ತರಿಸಿದ್ದಾಯ್ತು, ಎಸ್‌ಎಸ್‌ಡಿಗೆ ಸ್ಪೇಸರೂ ಅಂಟಿಸ್ದೆ. ಈಗ ಎರಡೂ ಕಡೆ ಸಾಟಾ 600 ಬಂದಿದೆ, ಅವತ್ತು ನಿಂತಿದ್ದ ಅದೇ ಫೈಲುಗಳನ್ನ ಕಾಪಿ ಮಾಡ್ದೆ, ಎಲ್ಲೂ ನಿಲ್ಲಲಿಲ್ಲ, 129 ಹೊಸದು ಒಂದೂ ಬಂದಿಲ್ಲ. ತುಂಬಾ ಉಪಕಾರ ಆಯ್ತು, ಒಂದು ಎಸ್‌ಎಸ್‌ಡಿ ದುಡ್ಡು ಉಳೀತು. ಆದ್ರೆ ಸಿ7 978ರಲ್ಲೇ ನಿಂತಿದೆ, ಅದನ್ನ ಸೊನ್ನೆ ಮಾಡೋದು ಹೆಂಗೆ? ಇನ್ನೊಂದು, ಹಳೇ ಹಾರ್ಡ್‌ಡಿಸ್ಕಲ್ಲಿರೋ ಹಳೇ ಕೆಲಸ ಎಲ್ಲ ಒಂದು ಎಸ್‌ಎಸ್‌ಡಿಗೇ ಹಾಕಿ ಬೀರುಲಿ ಇಡ್ಲಾ, ಗಟ್ಟಿ ಅಂತಾರಲ್ಲ?

ಸರ್ವಿಸ್_ಬೆಂಚ್_ಶಿವಮೊಗ್ಗ

ಬಹಳ ಸಂತೋಷ ಸರ್. ಸಿ7 ಸೊನ್ನೆ ಆಗಲ್ಲ, ಅದು ಡಿಸ್ಕಿನ ಜೀವಮಾನದ ಲೆಕ್ಕ. 978 ಅಂತ ಒಂದು ಚೀಟಿಲಿ ಬರೆದು ಲ್ಯಾಪ್‌ಟಾಪಿನ ಕೆಳಗೆ ಅಂಟಿಸಿ, ಮುಂದೆ ಯಾರಾದ್ರೂ ಅದನ್ನ ನೋಡಿ ಡಿಸ್ಕ್ ಕೆಟ್ಟಿದೆ ಅನ್ನೋದು ಬೇಡ. ಏರ್ತಾ ಇದ್ಯಾ ಅನ್ನೋದಷ್ಟೇ ಲೆಕ್ಕಕ್ಕೆ.

ಬೀರುಲಿ ಇಡೋಕೆ ಎಸ್‌ಎಸ್‌ಡಿ ಬೇಡ. ಬಿದ್ರೆ ತಡ್ಕೊಳತ್ತೆ ನಿಜ, ಆದ್ರೆ ಅದರಲ್ಲಿ ಡೇಟಾ ನಿಂತಿರೋದು ಚಾರ್ಜ್ ರೂಪದಲ್ಲಿ, ಕರೆಂಟ್ ಕೊಡದೆ ಇಟ್ರೆ ನಿಧಾನಕ್ಕೆ ಸೋರತ್ತೆ. ಜೆಡೆಕ್ (ಮೆಮೊರಿ ಚಿಪ್ಪುಗಳಿಗೆ ನಿಯಮ ಮಾಡೋ ಸಂಸ್ಥೆ) ಮಾನದಂಡದಲ್ಲಿ ಮನೆ ಬಳಕೆ ಎಸ್‌ಎಸ್‌ಡಿಗೆ ಕೇಳಿರೋದು, ಪೂರ್ತಿ ಸವೆದ ಮೇಲೆ 30 ಡಿಗ್ರಿಲಿ ಒಂದು ವರ್ಷ ಅಷ್ಟೆ. ಹೊಸದು ಇನ್ನೂ ಜಾಸ್ತಿ ತಡೆಯತ್ತೆ, ಆದ್ರೂ ಹಳೇ ಕೆಲಸ ಹಾರ್ಡ್‌ಡಿಸ್ಕಲ್ಲೇ ಇರ್ಲಿ, ಅದರ ಇನ್ನೊಂದು ಕಾಪಿ ಬೇರೆ ಡಿಸ್ಕಲ್ಲಿ, ಬೇರೆ ಮನೇಲಿ ಇರ್ಲಿ.

ಉಳಿದ ದುಡ್ಡಲ್ಲಿ ಮೊದ್ಲು ಬ್ಯಾಟರಿ ಹಾಕ್ಸಿ. ಯಾವ ಡೇಟಾ ಯಾವ ಚಿಪ್ಪಲ್ಲಿದೆ ಅನ್ನೋ ಪಟ್ಟಿನ ಎಸ್‌ಎಸ್‌ಡಿ ಸದಾ ತಿದ್ತಾ ಇರತ್ತೆ, ಮಧ್ಯದಲ್ಲಿ ಕರೆಂಟ್ ಹೋದ್ರೆ ಅದು ಕೆಡಬಹುದು. ದೊಡ್ಡ ಸರ್ವರಿನ ಡಿಸ್ಕುಗಳಲ್ಲಿ ಕರೆಂಟ್ ಹೋದ ಗಳಿಗೆಲಿ ಕೆಲಸ ಮುಗ್ಸೋಕೆ ಸ್ವಲ್ಪ ಹೊತ್ತು ಕರೆಂಟ್ ಹಿಡಿದಿಡೋ ಕೆಪಾಸಿಟರ್ ಇಟ್ಟಿರ್ತಾರೆ, ನಮ್ಮ ಬಳಕೆಯ ಡಿಸ್ಕುಗಳಲ್ಲಿ ಸಾಮಾನ್ಯವಾಗಿ ಇರಲ್ಲ. ನಿಮ್ಮ ಕಡೆ ಮಳೆಗಾಲದಲ್ಲಿ ಕರೆಂಟ್ ಹೋಗೋ ಲೆಕ್ಕಕ್ಕೆ ಬ್ಯಾಟರಿ ಇಲ್ಲದೆ ಓಡ್ಸೋದು ಒಳ್ಳೇದಲ್ಲ. ಬ್ಯಾಟರಿ ಬರೋವರೆಗೆ ಮನೇಲಿ ಇನ್ವರ್ಟರ್ ಇದ್ರೆ ಅದರ ಹಿಂದ್ಗಡೆ ಯುಪಿಎಸ್ ಮೋಡ್ ಸ್ವಿಚ್ ಇದ್ಯಾ ನೋಡಿ ಅದಕ್ಕೆ ಹಾಕಿ, ಮಾಮೂಲಿ ಮೋಡಿಗಿಂತ ಬೇಗ ಬದಲಾಗತ್ತೆ, ಲ್ಯಾಪ್‌ಟಾಪ್ ಆಫ್ ಆಗಲ್ಲ.