ಅಮ್ಮನ ನಂಬರಿಗೆ ಇನ್ನೂ ರೀಚಾರ್ಜ್ ಮಾಡಿಸುತ್ತಿದ್ದೇನೆ, ನಿಲ್ಲಿಸಬೇಕಾ?

ತಿಪಟೂರಿನವನು:
ಅಮ್ಮ ಹೋಗಿ 9 ತಿಂಗಳಾಯಿತು. ಅವಳ ಕೀಪ್ಯಾಡ್ ಫೋನು ನನ್ನ ಬೆಂಗಳೂರಿನ ರೂಮಿನ ಬೀರುವಿನಲ್ಲಿದೆ. 28 ದಿನಕ್ಕೊಮ್ಮೆ ರೀಚಾರ್ಜ್ ಮಾಡಿಸುತ್ತೇನೆ. ಮೊದಲು ರಾತ್ರಿ 9ಕ್ಕೆ ಫೋನ್ ಮಾಡಿ 'ಊಟ ಆಯ್ತಾ' ಅನ್ನುವುದು ರೂಢಿ. ಈಗಲೂ ಒಮ್ಮೊಮ್ಮೆ ಮಾಡುತ್ತೇನೆ. ಬೀರುವಿನೊಳಗೆ ರಿಂಗಾಗುತ್ತದೆ. ಅಣ್ಣ 'ದುಡ್ಡು ದಂಡ' ಅನ್ನುತ್ತಾನೆ. ನಾನು ಕಾಫಿ ಕುಡಿಯೋಕೆ ಕೆಳಗೆ ಹೋಗಿದ್ದ ಹತ್ತು ನಿಮಿಷದಲ್ಲಿ ಅವಳು ಹೋದಳು. ಅದನ್ನು ಯಾರಿಗೂ ಹೇಳಿಲ್ಲ.

ಕೌನ್ಸೆಲಿಂಗ್‌ನಲ್ಲಿ ಏನು ಮಾಡುತ್ತಾರೆ? ಸುಮ್ನೆ 'ಧೈರ್ಯ ತಗೊಳ್ಳಿ' ಅನ್ನುವುದಾದರೆ ಅದನ್ನು ನೆಂಟರೇ ಪುಕ್ಕಟೆ ಹೇಳಿದ್ದಾರೆ.

ಸಾಗರದ ಅಕ್ಕ:
ಯಜಮಾನರು ಹೋದ ಮೇಲೆ ನಾನು ಹೋಗಿದ್ದೆ. ವಾರಕ್ಕೊಂದು, ಒಟ್ಟು 16 ಸಲ. ಧೈರ್ಯದ ಮಾತು ಒಂದೂ ಬರಲಿಲ್ಲ. ಕಣ್ಣು ಮುಚ್ಚಿಸಿ ಆ ದಿನವನ್ನು ಬೆಳಿಗ್ಗೆಯಿಂದ ಹೇಳಿಸುತ್ತಾರೆ. ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳಬೇಕು. ಮೊದಲ ಸಲ ಹೇಳುವಾಗ ಆಸ್ಪತ್ರೆ ಗೇಟು ದಾಟೋಕೆ ಆಗಲಿಲ್ಲ. ಮೂರನೇ ಸಲವೋ ನಾಲ್ಕನೇ ಸಲವೋ, ಆವತ್ತು ಅವರು 'ಅವಲಕ್ಕಿಗೆ ಉಪ್ಪು ಕಮ್ಮಿ' ಅಂದದ್ದು ನೆನಪಾಯಿತು. ನಕ್ಕುಬಿಟ್ಟೆ. ಅಲ್ಲಿಯವರೆಗೆ ಆ ದಿನ ಅಂದರೆ ನನಗೆ ಆಂಬುಲೆನ್ಸ್ ಮಾತ್ರ.

ಆಮೇಲೆ ಯಜಮಾನರು ಎದುರಿಗೇ ಇದ್ದಾರೆ ಅಂದುಕೊಂಡು ಅವರ ಹತ್ತಿರ ಮಾತಾಡಿ ಅಂದರು. ಮೊದಲು ನಾಚಿಕೆಯಾಯಿತು. ಬಿಪಿ ಮಾತ್ರೆ ಬಿಟ್ಟದ್ದಕ್ಕೆ ಚೆನ್ನಾಗಿ ಬೈದೆ. ನಿಮ್ಮ ಕಾಫಿ ವಿಷಯ ಹೇಳಬೇಕಾದ್ದು ಅಲ್ಲೇ.

ಆಪ್ತಸಮಾಲೋಚಕಿ:
ಫೋನ್ ಇಟ್ಟುಕೊಂಡದ್ದು ಕಾಯಿಲೆಯಲ್ಲ. ನಾವು ತಿಥಿ ಮಾಡುತ್ತೇವೆ, ಪಿತೃಪಕ್ಷದಲ್ಲಿ ಎಡೆ ಇಡುತ್ತೇವೆ, ಅಲ್ವಾ? ಹೋದವರ ನಂಟು ಪೂರ್ತಿ ಕಡಿದುಕೊಳ್ಳಬೇಕು ಅಂತ ಈಗ ಯಾರೂ ಹೇಳುವುದಿಲ್ಲ. ದುಃಖದ ಐದು ಹಂತ ದಾಟಬೇಕು ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. 1969ರಲ್ಲಿ ಕೂಬ್ಲರ್-ರಾಸ್ ಅನ್ನುವ ಮನೋವೈದ್ಯೆ ಆ ಹಂತಗಳನ್ನು ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳ ಬಗ್ಗೆ.

ನಾನು ಕೇಳುವುದು ಬೇರೆ. ನಿದ್ದೆ, ಊಟ, ಕೆಲಸ ಹೇಗಿದೆ? ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 'ದೀರ್ಘ ಶೋಕ' ಅಂತ ಇದೆ. 6 ತಿಂಗಳಾದರೂ ದುಃಖ ಕುಗ್ಗದೆ, ದಿನದ ಬದುಕೇ ನಿಂತುಹೋಗಿದ್ದರೆ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, ಟೆಲಿ ಮಾನಸ್, 14416. ಪುಕ್ಕಟೆ, ಹಗಲೂ ರಾತ್ರಿ, ಕನ್ನಡದಲ್ಲೇ ಮಾತಾಡಬಹುದು.

ಗದಗ ಬಸ್:
ರೀಚಾರ್ಜ್ ನಿಲ್ಲಿಸಬೇಡಿ ಸರ್. ನಿಲ್ಲಿಸಿದರೆ ನಂಬರ್ ಬೇರೆಯವರಿಗೆ ಹೋಗುತ್ತದೆ. ನನ್ನ ಫೋನಿನಲ್ಲಿ 'ಅಪ್ಪ' ಅಂತ ಇರುವ ನಂಬರಿಗೆ ಈಗ ಬುಲೆಟ್ ಮೇಲೆ ಕೂತ ಯಾವನೋ ಹುಡುಗನ ಡಿಪಿ. ಡಿಲೀಟ್ ಮಾಡೋಕೂ ಆಗುತ್ತಿಲ್ಲ.

ತಿಪಟೂರಿನವನು:
ಥ್ಯಾಂಕ್ಸ್. ಅವಲಕ್ಕಿ ಮಾತು ಓದಿ ಬಸ್ಸಿನಲ್ಲೇ ಅತ್ತೆ. ನಿದ್ದೆ ಇಲ್ಲ, ಕೆಲಸ ಹೇಗೋ ನಡೆಯುತ್ತಿದೆ. ನಿನ್ನೆ 14416ಕ್ಕೆ ಫೋನ್ ಮಾಡಿ ಹನ್ನೆರಡು ನಿಮಿಷ ಮಾತಾಡಿದೆ. ಕಾಫಿ ವಿಷಯ ಮಾತ್ರ ಬಾಯಿಗೆ ಬರಲಿಲ್ಲ.